ಬೈಬಲನ್ನು ಎಲ್ಲಿಂದ ಓದಬೇಕು?

ಬೈಬಲನ್ನು ಒಮ್ಮೆ ಓದಿ ನೋಡೋಣವೆಂದು ಹೊರಟವರಲ್ಲಿ ಬಹುಮಂದಿ ಎಲ್ಲಿ ನಿಂತುಬಿಡುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೊದಲನೆಯ ಪುಸ್ತಕವಾದ ಆದಿಕಾಂಡ ಸರಾಗವಾಗಿ ಸಾಗುತ್ತದೆ. ಸೃಷ್ಟಿಯ ಕಥೆ, ಜಲಪ್ರಳಯ, ಅಬ್ರಹಾಮನ ಅಲೆದಾಟ, ಅಣ್ಣಂದಿರೇ ಮಾರಿಬಿಟ್ಟ ಯೋಸೇಫ ಐಗುಪ್ತದಲ್ಲಿ ಅಧಿಕಾರಿಯಾದ ಬಗೆ, ಒಂದರ ಹಿಂದೆ ಒಂದು ಬರುತ್ತವೆ. ಎರಡನೆಯದಾದ ವಿಮೋಚನಕಾಂಡದ ಅರ್ಧದವರೆಗೂ ಅಡ್ಡಿಯಿಲ್ಲ. ದಾಸರಾಗಿದ್ದ ತನ್ನ ಜನರನ್ನು ಮೋಶೆ ಬಿಡಿಸಿಕೊಂಡು ಬರುವ ಕಥೆ ಅದು. ಅಲ್ಲಿಂದಾಚೆಗೆ ದೇವಗುಡಾರಕ್ಕೆ ಎಷ್ಟು ಮೊಳದ ಹಲಗೆ, ಎಷ್ಟು ಪರದೆ ಎಂಬ ಲೆಕ್ಕಗಳು. ಅದರ ಬೆನ್ನಿಗೇ ಯಾಜಕಕಾಂಡದ ಬಲಿವಿಧಿಗಳು. ಓದುಗನು ಅಲ್ಲೊಂದು ಕಾಗದದ ಚೂರನ್ನಿಟ್ಟು ಪುಸ್ತಕ ಮುಚ್ಚುತ್ತಾನೆ. ಚೂರು ಅಲ್ಲಿಯೇ ಉಳಿಯುತ್ತದೆ.

ಇದು ಓದುಗನ ಸೋಮಾರಿತನವೂ ಅಲ್ಲ, ಗ್ರಂಥದ ದೋಷವೂ ಅಲ್ಲ. ಒಂದೇ ರಟ್ಟಿನೊಳಗೆ ಇರುವುದರಿಂದ ಇದು ಒಂದೇ ಪುಸ್ತಕ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದತಕ್ಕದ್ದು ಎಂದು ನಾವು ಭಾವಿಸುತ್ತೇವೆ. ಬೈಬಲ್ ಎಂಬ ಹೆಸರಿಗೆ ಮೂಲವಾದ ಗ್ರೀಕ್ ಶಬ್ದ ಬಹುವಚನದ್ದು. ‘ಪುಸ್ತಕಗಳು’ ಎಂದೇ ಅದರ ಅರ್ಥ. ಪ್ರಾಟೆಸ್ಟೆಂಟರ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27, ಒಟ್ಟು 66 ಪುಸ್ತಕಗಳಿವೆ. ಕಥೋಲಿಕರ ಬೈಬಲಿನಲ್ಲಿ 73. ಹಳೆಯದರ ಭಾಷೆ ಬಹುತೇಕ ಹೀಬ್ರೂ, ಅಲ್ಲಲ್ಲಿ ಅರಾಮಿಕ್. ಹೊಸದರ ಭಾಷೆ ಗ್ರೀಕ್. ಬರೆದವರು ಅನೇಕರು, ಬರೆದ ಕಾಲ ಹಲವು ಶತಮಾನಗಳಷ್ಟು ಉದ್ದ. ಇದರಲ್ಲಿ ರಾಜರ ಚರಿತ್ರೆಯಿದೆ, ಕಾನೂನಿದೆ, ಹಾಡುವ ಕೀರ್ತನೆಗಳಿವೆ, ಗಾದೆಗಳಿವೆ, ಪ್ರೇಮಗೀತೆಯಿದೆ, ಯಾರೋ ಯಾರಿಗೋ ಬರೆದ ಕಾಗದಗಳೂ ಇವೆ. ಗ್ರಂಥಾಲಯಕ್ಕೆ ಹೋದವರು ಬಾಗಿಲ ಪಕ್ಕದ ಬೀರುವಿನ ಮೊದಲ ಪುಸ್ತಕದಿಂದ ಸಾಲಾಗಿ ಓದುತ್ತಾ ಹೋಗುವರೇ?

ಹಾಗಾದರೆ ಎಲ್ಲಿಂದ? ನೀವು ಕ್ರೈಸ್ತರಾಗಿರಲಿ, ಕೇವಲ ಕುತೂಹಲದಿಂದ ಓದುವವರಾಗಿರಲಿ, ಮಾರ್ಕನ ಸುವಾರ್ತೆಯಿಂದ ಆರಂಭಿಸಿರೆಂದು ನನ್ನ ಸಲಹೆ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಇದೇ ಚಿಕ್ಕದು, ಬರೀ 16 ಅಧ್ಯಾಯ. ಇದೇ ಮೊದಲು ಬರೆದದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮತ್ತಾಯನ ಸುವಾರ್ತೆಯ ಹಾಗೆ ಇದು ವಂಶಾವಳಿಯಿಂದ ತೊಡಗುವುದಿಲ್ಲ. ನೇರವಾಗಿ ಘಟನೆಗೇ ಇಳಿಯುತ್ತದೆ. ಮಾರ್ಕನದು ಅವಸರದ ಕಥನ. ‘ಕೂಡಲೇ’ ಎಂಬರ್ಥದ ಗ್ರೀಕ್ ಮಾತೊಂದನ್ನು ಅವನು ಸುಮಾರು 40 ಸಲ ಬಳಸುತ್ತಾನೆ. ಇನ್ನೊಂದು ಅನುಕೂಲವೂ ಉಂಟು. ಯೆಹೂದ್ಯರ ಆಚಾರಗಳನ್ನು ತಿಳಿಯದ ಹೊರಗಿನ ಓದುಗರು ಅವನ ಮನಸ್ಸಿನಲ್ಲಿದ್ದರೆಂದು ತೋರುತ್ತದೆ. ಏಳನೆಯ ಅಧ್ಯಾಯದಲ್ಲಿ, ಊಟಕ್ಕೆ ಮುಂಚೆ ಕೈ ತೊಳೆಯುವ ಅವರ ಸಂಪ್ರದಾಯವನ್ನು ಅವನೇ ನಿಂತು ವಿವರಿಸುತ್ತಾನೆ. ಹೊಸ ಓದುಗನಿಗೆ ಇದಕ್ಕಿಂತ ಉಪಕಾರ ಬೇರೇನು ಬೇಕು?

ಮೊದಲ ಸಲ ಇಡಿಯಾಗಿ ಓದಿಬಿಡಿ. ನಮ್ಮಲ್ಲಿ ಭಾರತ ವಾಚನ ಮಾಡುವಂತೆ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿದರೆ ಇನ್ನೂ ಒಳ್ಳೆಯದು. ಎರಡು ಗಂಟೆಯೊಳಗೆ ಮುಗಿಯುತ್ತದೆ, ಎರಡು ಸಂಜೆಗೆ ಹಂಚಿಕೊಂಡರೂ ಆದೀತು. ತಿಳಿಯದ ಹೆಸರು ಬಂದರೆ ನಿಲ್ಲಬೇಡಿ. ಆಗ ಪುಸ್ತಕದ ಆಕಾರ ನಿಮಗೇ ಗೋಚರವಾಗುತ್ತದೆ. ಎಂಟನೆಯ ಅಧ್ಯಾಯದಲ್ಲಿ, ತಾನು ಯಾರೆಂದು ಜನ ಹೇಳುತ್ತಾರೆ, ನೀವೇನು ಹೇಳುತ್ತೀರಿ ಎಂದು ಯೇಸು ಶಿಷ್ಯರನ್ನು ಕೇಳುತ್ತಾನೆ. ಅಲ್ಲಿಂದ ಕಥೆ ಯೆರೂಸಲೇಮಿನ ಕಡೆಗೆ, ಮರಣದ ಕಡೆಗೆ ತಿರುಗುತ್ತದೆ. 11ನೆಯ ಅಧ್ಯಾಯದಿಂದ ಕೊನೆಯವರೆಗೆ, ಅಂದರೆ ಪುಸ್ತಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು, ಹೆಚ್ಚುಕಡಿಮೆ ಒಂದೇ ವಾರದ ಸಂಗತಿ. ಲೇಖಕನ ದೃಷ್ಟಿಯಲ್ಲಿ ಯಾವುದಕ್ಕೆ ತೂಕವೆಂಬುದು ಇದರಿಂದಲೇ ತಿಳಿಯುತ್ತದೆ. ಎರಡನೆಯ ಸಲ ಓದುವಾಗ ದಿನಕ್ಕೊಂದು ಘಟನೆಯನ್ನಷ್ಟೇ ತೆಗೆದುಕೊಳ್ಳಿ. ಹತ್ತಿರ ಒಂದು ನೋಟುಪುಸ್ತಕವಿರಲಿ. ಉತ್ತರಕ್ಕಿಂತ ಹೆಚ್ಚಾಗಿ ಪ್ರಶ್ನೆಗಳನ್ನು ಅದರಲ್ಲಿ ಬರೆದಿಡಿ.

ಇಲ್ಲಿ ಅಧ್ಯಾಯ, ವಚನಗಳ ವಿಚಾರವಾಗಿ ಒಂದು ಮಾತು. ಈ ಅಂಕಿಗಳು ಮೂಲ ಲೇಖಕರು ಹಾಕಿದವಲ್ಲ. ಇಂದಿನ ಅಧ್ಯಾಯ ವಿಭಾಗ 13ನೆಯ ಶತಮಾನದ ಆರಂಭದ್ದು; ಅದನ್ನು ಮಾಡಿದವನು ಇಂಗ್ಲೆಂಡಿನ ಸ್ಟೀಫನ್ ಲ್ಯಾಂಗ್ಟನ್ ಎಂದು ಹೇಳುತ್ತಾರೆ. ಹೊಸ ಒಡಂಬಡಿಕೆಯ ಇಂದಿನ ವಚನ ಸಂಖ್ಯೆಗಳನ್ನು 1551ರಲ್ಲಿ ಹಾಕಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಹುಡುಕುವುದಕ್ಕೆ ಇವು ಬಹಳ ಅನುಕೂಲ. ಆದರೆ ಅಂಕಿ ಬಿದ್ದ ಮೇಲೆ ಪ್ರತಿಯೊಂದು ವಾಕ್ಯವೂ ತನ್ನಷ್ಟಕ್ಕೆ ತಾನೇ ಒಂದು ಸೂತ್ರವೆಂಬಂತೆ ಕಾಣತೊಡಗಿತು, ಕಿತ್ತು ಗೋಡೆಗೆ ತೂಗುಹಾಕುವ ಅಭ್ಯಾಸ ಬೆಳೆಯಿತು.

ಇದರ ಅಪಾಯವನ್ನು ತಿಳಿಯಬೇಕಾದರೆ ಯೋಬನ ಪುಸ್ತಕವನ್ನು ನೋಡಬೇಕು. ಯೋಬ ಸಜ್ಜನ, ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದು ಏಳು ದಿನ ಮಾತಿಲ್ಲದೆ ಜೊತೆಗಿರುತ್ತಾರೆ. ಅಷ್ಟಕ್ಕೇ ಎದ್ದುಹೋಗಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು! ಆಮೇಲೆ ಬಾಯಿ ತೆರೆದು, ಪಾಪ ಮಾಡದವನಿಗೆ ಕಷ್ಟ ಬರುವುದುಂಟೇ, ನಿನ್ನಲ್ಲಿ ಏನೋ ದೋಷವಿರಬೇಕು ಎಂದು ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಅವರ ಮಾತು ಸುಂದರ, ಭಕ್ತಿಭರಿತ, ಉದ್ಧರಿಸಲು ಯೋಗ್ಯ. ಆದರೆ ಕೊನೆಯ ಅಧ್ಯಾಯವಾದ 42ರಲ್ಲಿ ದೇವರೇ ಎಲೀಫಜನ ಮೇಲೆ ಕೋಪಿಸಿಕೊಂಡು, ನೀವು ನನ್ನ ವಿಷಯದಲ್ಲಿ ಸರಿಯಾಗಿ ಆಡಲಿಲ್ಲವೆಂದು ಮೂವರನ್ನೂ ತಳ್ಳಿಹಾಕುತ್ತಾನೆ. ಈಗ ಯಾರಾದರೂ ಆ ಗೆಳೆಯರ ಒಂದು ವಚನವನ್ನು ಕಿತ್ತು, ಹಾಸಿಗೆ ಹಿಡಿದ ರೋಗಿಗೋ ಮಗುವನ್ನು ಕಳೆದುಕೊಂಡ ತಾಯಿಗೋ ‘ಬೈಬಲ್ ಹೀಗೆ ಹೇಳುತ್ತದೆ’ ಎಂದು ಓದಿ ಹೇಳಿದರೆ ಏನಾಯಿತು? ಆ ಗ್ರಂಥ ಖಂಡಿಸಿದ್ದನ್ನೇ ಆ ಗ್ರಂಥದ ಹೆಸರಿನಲ್ಲಿ ಹೇಳಿದಂತಾಯಿತು. ಆದ್ದರಿಂದ ಯಾವ ವಚನವನ್ನು ಓದಿದರೂ, ಇದನ್ನು ಯಾರು ಆಡುತ್ತಿದ್ದಾರೆ, ಯಾರಿಗೆ, ಯಾವ ಸಂದರ್ಭದಲ್ಲಿ ಎಂದು ಕೇಳಿಕೊಳ್ಳಿ.

ಊರು, ದಾರಿ, ಜನರ ಸಂಬಂಧ ತಿಳಿದರೆ ಪರಿಚಿತ ಕಥೆಯೂ ಹೊಸದಾಗುತ್ತದೆ. ಲೂಕನ 10ನೆಯ ಅಧ್ಯಾಯದಲ್ಲಿ ಬರುವ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ನೀವು ಕೇಳಿಯೇ ಇರುತ್ತೀರಿ. ಒಬ್ಬನು ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದಾನೆ. ‘ಇಳಿದು’ ಎಂಬುದು ಅಕ್ಷರಶಃ ನಿಜ. ಯೆರೂಸಲೇಮು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರು ಮೇಲಿದೆ, ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರು ಕೆಳಗಿದೆ. ನಡುವೆ ಬೆಟ್ಟಗಾಡಿನ ಬರಡು ದಾರಿ. ಕಳ್ಳರು ಹೊಡೆದು ಕೆಡವಿದ ಆ ಮನುಷ್ಯನನ್ನು ಕಂಡೂ ಯಾಜಕ ದಾಟಿಹೋಗುತ್ತಾನೆ, ದೇವಾಲಯದ ಸೇವೆಯ ಲೇವಿಯನೂ ದಾಟಿಹೋಗುತ್ತಾನೆ. ಮೂರನೆಯವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಹುಕಾಲದ ವೈರ. ದೇವರನ್ನು ಆರಾಧಿಸಬೇಕಾದ ಸ್ಥಳ ಯೆರೂಸಲೇಮೋ ಗೆರಿಜ್ಜೀಮ್ ಬೆಟ್ಟವೋ ಎಂಬುದೂ ಆ ಜಗಳದ ಭಾಗ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರದವನ ಕೈಗೆ ಎರಡು ದಿನದ ಕೂಲಿಯಷ್ಟು ಹಣ ಕೊಡುತ್ತಾನೆ.

ತನ್ನ ನೆರೆಯವನು ಯಾರೆಂದು ಕೇಳಿ ಈ ಕಥೆಗೆ ಕಾರಣನಾದವನು ಒಬ್ಬ ಧರ್ಮೋಪದೇಶಕ. ಅವನಿಗೆ ಬೇಕಾಗಿದ್ದದ್ದು ಒಂದು ಗಡಿ: ಇಷ್ಟು ಜನ ನನ್ನವರು, ಇದರಾಚೆಗಿನವರ ಹೊಣೆ ನನ್ನದಲ್ಲ. ಯೇಸು ಪ್ರಶ್ನೆಯನ್ನೇ ತಿರುಗಿಸಿ, ಬಿದ್ದವನಿಗೆ ನೆರೆಯವನಾದವನು ಯಾರೆಂದು ಕೇಳುತ್ತಾನೆ. ಉತ್ತರ ಕೊಡುವಾಗ ಆ ಪಂಡಿತನ ಬಾಯಿಂದ ‘ಸಮಾರ್ಯದವನು’ ಎಂಬ ಮಾತು ಹೊರಡುವುದೇ ಇಲ್ಲ. ದಯೆ ತೋರಿದವನೆಂದಷ್ಟೇ ಹೇಳಿ ಮುಗಿಸುತ್ತಾನೆ. ಅವಸರದಲ್ಲಿ ಓದಿದರೆ ಇಂಥದ್ದು ಕೈತಪ್ಪಿಹೋಗುತ್ತದೆ.

ಕಾಗದಗಳನ್ನು ಓದುವಾಗ ಮಾತ್ರ, ಇದು ಒಂದು ಕಡೆಯ ಮಾತು, ಎದುರು ಕಡೆಯದು ನಮ್ಮ ಕೈಗೆ ಸಿಕ್ಕಿಲ್ಲ ಎಂಬುದು ನೆನಪಿರಲಿ. ಅಭ್ಯಾಸಕ್ಕೆ ಫಿಲೆಮೋನನಿಗೆ ಪೌಲನು ಬರೆದ ಕಾಗದ ಸಾಕು, ಬರೀ 25 ವಚನ. ಯಜಮಾನನಿಂದ ದೂರವಾಗಿದ್ದ ಒನೇಸಿಮನೆಂಬ ದಾಸನನ್ನು ದಾಸನಂತಲ್ಲ, ಸಹೋದರನಂತೆ ಸೇರಿಸಿಕೊಳ್ಳೆಂದು ಸೆರೆಯಲ್ಲಿದ್ದ ಪೌಲನು ಬೇಡುತ್ತಾನೆ. ಯಜಮಾನನು ಏನು ಮಾಡಿದನೆಂದು ಕಾಗದದಲ್ಲಿಲ್ಲ.

ಕನ್ನಡದಲ್ಲಿ ಯಾವ ಅನುವಾದ ಎಂದು ಕೇಳುವಿರಿ. ಕನ್ನಡ ಬೈಬಲಿಗೆ ಸಾಕಷ್ಟು ವಯಸ್ಸಾಗಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಲು ದುಡಿದರು. ‘ಸತ್ಯವೇದವು’ ಎಂಬ ಹೆಸರಿನ ಹಳೆಯ ಅನುವಾದದ ಭಾಷೆ ಗಂಭೀರ, ಗಟ್ಟಿಯಾಗಿ ಓದಲು ಹಿತ. ಈಚಿನ ಸರಳ ಅನುವಾದಗಳು ಅರ್ಥವನ್ನು ಬೇಗ ಬಿಟ್ಟುಕೊಡುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿ ಮಾತು ಬೇರೆಯಾದ ಕಡೆ ಮೂಲದಲ್ಲಿ ಏನೋ ತೊಡಕಿರುವ ಸಂಭವವುಂಟು. ಪುಟದಡಿಯ ಟಿಪ್ಪಣಿಯನ್ನೂ ಬಿಡಬೇಡಿ. ಮಾರ್ಕನ ಕೊನೆಯ ಹನ್ನೆರಡು ವಚನಗಳು ಅತಿ ಪ್ರಾಚೀನವಾದ ಎರಡು ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲವೆಂಬಂಥ ಸಂಗತಿಗಳು ಅಲ್ಲಿ ಸಿಕ್ಕುತ್ತವೆ.

ಮಾರ್ಕನ ತರುವಾಯ ಲೂಕ, ಅದರ ಮುಂದುವರಿಕೆಯಾದ ಅಪೊಸ್ತಲರ ಕೃತ್ಯಗಳು. ಹಳೆಯ ಒಡಂಬಡಿಕೆಗೆ ಹೋಗುವಾಗ ನಾಲ್ಕೇ ಅಧ್ಯಾಯದ ರೂತಳ ಕಥೆ ಮೊದಲು, ಆಮೇಲೆ ಯೋನ. ಯೋನನೆಂದರೆ ಎಲ್ಲರಿಗೂ ನೆನಪಾಗುವುದು ಅವನನ್ನು ನುಂಗಿದ ಮೀನು. ಆ ಪುಸ್ತಕದ 48 ವಚನಗಳಲ್ಲಿ ಮೀನಿನ ಮಾತು ಬರುವುದು ಮೂರರಲ್ಲಿ ಮಾತ್ರ. ಉಳಿದದ್ದು ಏನೆಂದು ನೀವೇ ನೋಡಿ. ನಡುನಡುವೆ ದಿನಕ್ಕೊಂದು ಕೀರ್ತನೆ ಓದಬಹುದು. 150 ಇವೆ, ಐದು ತಿಂಗಳಿಗೆ ಸಾಕು. ಅಷ್ಟರ ಮೇಲೆ ಆದಿಕಾಂಡಕ್ಕೆ ಮರಳಿದರೆ, ಯಾಜಕಕಾಂಡದ ಬಲಿವಿಧಿಗಳೂ ಮೊದಲಿನಷ್ಟು ಅಪರಿಚಿತವಾಗಿ ಕಾಣಲಾರವು. ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಮಾತ್ರ ಕೊನೆಗೇ ಇಟ್ಟುಕೊಳ್ಳಿ. ಅದರ ಮೃಗಗಳು, ಕೊಂಬುಗಳು, ಸಂಖ್ಯೆಗಳು ಬಹುಮಟ್ಟಿಗೆ ದಾನಿಯೇಲ, ಯೆಹೆಜ್ಕೇಲರಿಂದ ಬಂದವು. ಅವರನ್ನು ಓದದೆ ಅಲ್ಲಿಗೆ ಹೋದವರಿಗೆ ದಾರಿ ಸಿಗುವುದು ಕಷ್ಟ.