ಕೆಜಿಎಫ್‌ಗೆ ಹೋಗ್ತೀರಾ? ಗುಡ್ಡ ಹತ್ತಬೇಡಿ, ಬೀದಿ ಸುತ್ತಿ

ಮೂವತ್ತರ ಆಸುಪಾಸಿನ ನಮ್ಮಂಥವರ ಫೋನಿನಲ್ಲಿ ಸೇವ್ ಮಾಡಿಟ್ಟ ರೀಲ್ಸ್ ತೆಗೆದು ನೋಡಿ. ಗ್ರೀಸಿನ ಸ್ಯಾಂಟೊರಿನಿ ಇದ್ದೇ ಇರುತ್ತೆ. ಗುಡ್ಡದ ಮೇಲೆ ಸುಣ್ಣ ಬಳಿದ ಬಿಳಿ ಮನೆಗಳು, ನೀಲಿ ಗುಮ್ಮಟ, ಕೆಳಗೆ ಸಮುದ್ರ. ನೋಡೋಕೇನೋ ಚೆಂದ. ಆದರೆ ಅದಕ್ಕೆ ವೀಸಾ ಬೇಕು, ವಾರಗಟ್ಟಲೆ ರಜೆ ಬೇಕು, ಹೋಂ ಲೋನ್ ಇಎಂಐ ಕಟ್ಟಿದ ಮೇಲೆ ಕೈಯಲ್ಲಿ ಕಾಸು ಉಳಿದಿರಬೇಕು. ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಗುಡ್ಡದೂರು ಇದೆ. ಒಂದು ಕಾಲದಲ್ಲಿ ಅದನ್ನು 'ಲಿಟಲ್ ಇಂಗ್ಲೆಂಡ್' ಅಂತ ಕರೆಯುತ್ತಿದ್ದರು. ಅಲ್ಲಿನ ಗುಡ್ಡಗಳೂ ಬೆಳ್ಳಗೇ ಇವೆ, ಬಿಸಿಲು ನೆತ್ತಿಗೆ ಬಂದಾಗ ಕಣ್ಣು ಕುಕ್ಕುತ್ತವೆ. ಆದರೆ ಅವನ್ನು ಮಾಡಿದ್ದು ಪ್ರಕೃತಿಯಲ್ಲ, ಗಣಿ ಕಂಪನಿ.

ಕೋಲಾರ ಚಿನ್ನದ ಗಣಿ ಅಂದರೆ ನಮ್ಮ ವಯಸ್ಸಿನವರಿಗೆ ಮೊದಲು ನೆನಪಾಗೋದು 2018ರ ಸಿನಿಮಾ. ಅದರಿಂದ ಊರಿಗೆ ಹೆಸರು ಬಂತು, ಜೊತೆಗೆ ಒಂದು ತಪ್ಪು ಕಲ್ಪನೆಯೂ ಬಂತು. ಅಲ್ಲಿ ಬರೀ ಕಪ್ಪು ಮಸಿ, ಗುಲಾಮಗಿರಿ, ಗನ್ನು ಇರುತ್ತೆ ಅಂದುಕೊಂಡು ಬರುವವರಿದ್ದಾರೆ. ನಿಜವಾದ ಕೆಜಿಎಫ್‌ನಲ್ಲಿ ಗುಲ್‌ಮೊಹರ್ ಮರಗಳಿವೆ, ಚರ್ಚುಗಳಿವೆ, ಹೆಂಚು ಹೊದಿಸಿದ ದೊಡ್ಡ ಬಂಗಲೆಗಳಿವೆ. ಬೋರ್ಡುಗಳು ಕನ್ನಡದಲ್ಲಿದ್ದರೆ ಬೀದಿಯ ಮಾತು ತಮಿಳಲ್ಲಿ, ಬೈಗುಳ ಮೂರು ಭಾಷೆಗಳಲ್ಲಿ.

ನಾನು ಹೋಗಿದ್ದು ರೈಲಿನಲ್ಲಿ, ನಮ್ಮ ಟೀಮಿನ ಗೆಳೆಯನ ಜೊತೆ. ಅವನು ಚಾಂಪಿಯನ್ ರೀಫ್‌ನ ಹುಡುಗ. ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂಗೆ ಒಂದು ಕವಲು ಹಳಿ ಹೋಗುತ್ತೆ, ಸುಮಾರು 16 ಕಿ.ಮೀ. ಕೋರಮಂಡಲ್, ಬೆಮೆಲ್ ನಗರ, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ. ಕಾರಿನಲ್ಲಿ ಹೋದರೆ ಈ ಹೆಸರುಗಳೇ ತಪ್ಪಿಹೋಗುತ್ತವೆ, ಹಾಗಾಗಿ ರೈಲಿಗೇ ನನ್ನ ವೋಟು. ಬಂಗಾರಪೇಟೆಯೂ ಮೊದಲು ಬಂಗಾರದ ಪೇಟೆ ಆಗಿರಲಿಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆ ಆಗಿತ್ತು. ಹಾಗೆಯೇ ನಾವು ಶುಕ್ರವಾರ ರಾತ್ರಿ ಊಟಕ್ಕೆ ಹೋಗುವ ಲ್ಯಾವೆಲ್ ರೋಡು ಇದೆಯಲ್ಲ, ಆ ಲ್ಯಾವೆಲ್ ಕೂಡ ಈ ಊರಿನ ಕಥೆಯವನೇ. ದಂಡು ಪ್ರದೇಶಕ್ಕೆ ಬಂದು ನೆಲೆಸಿದ ನಿವೃತ್ತ ಸೈನಿಕ. ಹಳೆಯ ವರದಿಯೊಂದನ್ನು ಓದಿ, ಇಲ್ಲಿ ಚಿನ್ನ ಇದೆ ಅಂತ ಹಟ ಹಿಡಿದು, 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಗೆಯುವ ಪರವಾನಗಿ ಪಡೆದ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ನಿಜವಾದ ಗಣಿಗಾರಿಕೆ ಶುರುವಾಯಿತು.

ಇಂಜಿನಿಯರ್ ಆದವನಿಗೆ ಈ ಊರು ಹಬ್ಬ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದಾಗ ಮೊದಲು ಕರೆಂಟ್ ಬಂದಿದ್ದು ಮೈಸೂರು ಅರಮನೆಗಲ್ಲ, ಬೆಂಗಳೂರಿಗಲ್ಲ, ಇಲ್ಲಿಗೆ. ಸುಮಾರು 150 ಕಿ.ಮೀ. ಉದ್ದದ ತಂತಿ ಎಳೆದಿದ್ದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ, ಮೂರು ವರ್ಷ ತಡವಾಗಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದು, ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತೆ, ತಣ್ಣನೆ ಗಾಳಿಯನ್ನು ಮೇಲಿಂದಲೇ ಕಳಿಸಬೇಕಿತ್ತು. ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದು: ಅದೇ ಆಳದ ಕತ್ತಲಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗೂ ಕೆಳಗೆ, ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಉಪಕರಣ ಇಟ್ಟು ಕಾದು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಜಗತ್ತಿನಲ್ಲೇ ಮೊದಲ ಸಾಲಿನ ಸಾಧನೆ. ಪಿಯುಸಿ ಫಿಸಿಕ್ಸ್ ಪುಸ್ತಕದಲ್ಲಿ ಯಾರೂ ನಮಗೆ ಇದನ್ನು ಹೇಳಲಿಲ್ಲ.

ಈಗ ಆ ಸುರಂಗಗಳನ್ನು ನೋಡೋಕೆ ಆಗಲ್ಲ. ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಪಂಪುಗಳು ನಿಂತವು, ಒಳಗೆ ನೀರು ತುಂಬಿತು. ಹೊರಗಿನಿಂದ ಕಾಣುವುದು ತುಕ್ಕು ಹಿಡಿದ ಗಾಲಿಗೋಪುರಗಳು, ಬೀಗ ಹಾಕಿದ ಗೇಟು. 'ಒಳಗೆ ಬಿಡ್ತೀವಿ' ಅಂತ ಯಾರಾದರೂ ಹೇಳಿದರೂ ಹೋಗಬೇಡಿ.

ಹಾಗಾದರೆ ನೋಡೋದೇನು? ಬಂದವರೆಲ್ಲ ನೇರ ಹೋಗುವುದು ಸಯನೈಡ್ ಗುಡ್ಡಕ್ಕೆ. ಸಿನಿಮಾ ಶೂಟಿಂಗ್ ಆಗಿದ್ದೂ ಅಲ್ಲೇ. ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸಯನೈಡ್ ಬೆರೆಸಿದ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯುವ ರಾಡಿಯನ್ನು ಒಂದೇ ಕಡೆ ಸುರಿಯುತ್ತಾ ಬಂದರು. ಒಂದು ಟನ್ ಕಲ್ಲಿಗೆ ಸಿಗುವ ಚಿನ್ನ ಗ್ರಾಂ ಲೆಕ್ಕದಲ್ಲಿ, ಉಳಿದದ್ದೆಲ್ಲ ರಾಡಿಯೇ. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು, ಊರಿಗೆ ಉಳಿದದ್ದು ಸುಮಾರು 3.3 ಕೋಟಿ ಟನ್ ರಾಡಿಯ 13 ಗುಡ್ಡಗಳು. ಮಳೆ ಕೊರೆದ ಗೆರೆಗಳಿರುವ ಅವು ಫೋಟೋದಲ್ಲಿ ಅಮೆರಿಕದ ಮರುಭೂಮಿಯ ಹಾಗೆ ಕಾಣ್ತವೆ. ನಾವು ಹೋದ ದಿನ ಪ್ರಿವೆಡ್ಡಿಂಗ್ ಶೂಟ್‌ಗೆ ಬಂದ ಜೋಡಿಯೊಂದು ಗುಡ್ಡದ ಬುಡದಲ್ಲಿ ನಿಂತಿತ್ತು. ಹುಡುಗಿಯ ಗೌನು ಗಾಳಿಗೆ ಹಾರ್ತಾ ಇತ್ತು, ಜೊತೆಗೆ ದೂಳೂ.

ಆ ದೂಳಿನ ಬಗ್ಗೆ ಹೇಳಿದ್ದು ಗೆಳೆಯನ ಅಪ್ಪ. ಗಣಿ ಮುಚ್ಚುವವರೆಗೆ ಭೂಮಿಯ ಕೆಳಗೆ ದುಡಿದವರು. ಲೈನ್ ಮನೆಯ ಜಗುಲಿ ಮೇಲೆ ಕೂರಿಸಿ ಟೀ ಕೊಟ್ಟರು. ಗುಡ್ಡ ನೋಡಬೇಕು ಅಂತ ನಾನು ಹೇಳಿದ್ದಕ್ಕೆ ನಕ್ಕರು.

"ಅಷ್ಟು ದೂರದಿಂದ ಮಣ್ಣು ನೋಡೋಕೆ ಬಂದ್ಯಾಪ್ಪಾ? ಗಾಳಿ ಕಾಲದಲ್ಲಿ ಬಾ. ನೀನು ಹೋಗೋದೇ ಬೇಡ, ಗುಡ್ಡಾನೇ ಮನೆಗೆ ಬರ್ತದೆ."

ಅತ್ತೆ ಒಳಗಿಂದ ಹೇಳಿದರು, ಆ ದಿನಗಳಲ್ಲಿ ಅನ್ನದ ಪಾತ್ರೆ ಮುಚ್ಚಳ ತೆಗೆಯೋಕೂ ಭಯ, ಒಣಗಿಸಿದ ಬಟ್ಟೆ ಮತ್ತೆ ಒಗೆಯಬೇಕು ಅಂತ. ಅಂಕಲ್ ಮಾತಿನ ಮಧ್ಯೆ ಎರಡು ಮೂರು ಸಲ ಕೆಮ್ಮಿದರು. ಗಣಿ ಕೆಲಸಗಾರರಿಗೆ ಸಿಲಿಕೋಸಿಸ್ ಅನ್ನೋ ಹೆಸರು ನಮಗೆ 'ಬರ್ನ್‌ಔಟ್' ಪರಿಚಯ ಇರುವಷ್ಟೇ ಪರಿಚಯ. ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತುಬಿಟ್ಟರೆ ಮತ್ತೆ ಹೊರಗೆ ಬರಲ್ಲ.

ನಾವು ಗುಡ್ಡ ಹತ್ತಲಿಲ್ಲ. ನೀವೂ ಹತ್ತಬೇಡಿ ಅಂತಲೇ ನನ್ನ ಸಲಹೆ. ಮಳೆ ಕೊರೆದ ಆ ಇಳಿಜಾರು ಯಾವಾಗ ಕುಸಿಯುತ್ತೆ ಹೇಳೋಕಾಗಲ್ಲ, ತುಳಿದಷ್ಟೂ ದೂಳು ಏಳುತ್ತೆ, ಅದು ಇಳಿಯೋದು ಯಾರದೋ ಅನ್ನದ ಪಾತ್ರೆಗೆ. ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತೆ. ಎಷ್ಟು ದಿನ ಕಾಣುತ್ತೋ ಅದು ಬೇರೆ ಮಾತು. ಈ ಗುಡ್ಡಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಅಂಕಲ್‌ಗೆ ಅದರ ಬಗ್ಗೆ ಕೇಳಿದೆ. "ಮಕ್ಕಳಿಗೆ ಇಲ್ಲೇ ಕೆಲಸ ಸಿಕ್ಕಿದ್ರೆ ತೆಗೀಲಿ. ದೂಳು ಮಾತ್ರ ನಮಗೆ, ಚಿನ್ನ ಅವರಿಗೆ ಅಂದ್ರೆ ಬೇಡ."

ಬೀದಿ ಸುತ್ತಿ. ಊರ್ಗಾಂ ಕಡೆ ಅಧಿಕಾರಿಗಳ ಬಂಗಲೆ, ಕ್ಲಬ್ಬು ಇವೆ. ಇಂಗ್ಲೆಂಡಿನ ಚಳಿ ಇಲ್ಲದಿದ್ದರೂ ಅಲ್ಲಿನ ತೋಟ, ಅಲ್ಲಿನ ಗಾಲ್ಫ್ ಎಲ್ಲವನ್ನೂ ಇಲ್ಲಿ ತಂದು ನೆಟ್ಟಿದ್ದರು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಲೈನ್ ಮನೆಗಳ ಸಾಲು, ಒಂದಕ್ಕೊಂದು ಅಂಟಿಕೊಂಡು, ಕೈ ಚಾಚಿದರೆ ಎದುರುಮನೆ. ಆರ್ಕಾಟಿನ, ಚಿತ್ತೂರಿನ ಕಡೆಯಿಂದ ಬಂದವರ, ಅದರಲ್ಲೂ ಹೆಚ್ಚಾಗಿ ದಲಿತರ ಮನೆಗಳು. ಲಿಟಲ್ ಇಂಗ್ಲೆಂಡ್ ಯಾರದಾಗಿತ್ತು ಅಂತ ತಿಳಿಯೋಕೆ ಈ ನಡಿಗೆ ಸಾಕು. 1930ರಲ್ಲಿ ಕಂಪನಿಗಳು ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಈ ಲೈನುಗಳ ಜನ ಕೆಲಸವನ್ನೇ ನಿಲ್ಲಿಸಿದರು, ನಾವೇನು ಕಳ್ಳರಾ ಅಂತ. ದಿನಾ ಬೆಳಿಗ್ಗೆ ಆಫೀಸಿನಲ್ಲಿ ಹಲ್ಲು ಕಿರಿದು ಬಯೋಮೆಟ್ರಿಕ್‌ಗೆ ಬೆರಳು ಒತ್ತುವ ನನಗೆ ಅದನ್ನು ಕೇಳಿ ಒಂದು ಥರ ಆಯ್ತು.

ಸ್ವೀಡನ್ನಿನ ಫಾಲುನ್‌ನಲ್ಲಿ ಹೀಗೇ ಮುಚ್ಚಿದ ತಾಮ್ರದ ಗಣಿ ಇದೆ. ಕೆಜಿಎಫ್‌ಗೆ ಬೀಗ ಬಿದ್ದ ವರ್ಷವೇ, 2001ರಲ್ಲಿ, ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಜನ ಟಿಕೆಟ್ ತೆಗೆದುಕೊಂಡು, ಹೆಲ್ಮೆಟ್ ಹಾಕಿಕೊಂಡು ಒಳಗೆ ಇಳಿಯುತ್ತಾರೆ. ಇಲ್ಲಿ ಅಂಥ ಗಣಿಯೊಂದು ತೆರೆದು, ಗೈಡ್ ಆಗಿ ಅಂಕಲ್‌ನಂಥವರಿಗೆ ಸಂಬಳ ಕೊಟ್ಟಿದ್ದರೆ ನಾನೇ ಮೊದಲ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ. ಈಗ ಊರಿನ ಸಾವಿರಾರು ಜನ ನಸುಕಿನಲ್ಲೇ ಎದ್ದು ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಬರ್ತಾರೆ, ರಾತ್ರಿ ವಾಪಸ್. ನನ್ನ ಗೆಳೆಯನೂ ಮೊದಲ ಎರಡು ವರ್ಷ ಹಾಗೇ ಓಡಾಡಿದವನು. ಸೀಟಿನಲ್ಲೇ ನಿಂತೇ ನಿದ್ದೆ ಮಾಡೋ ಕಲೆ ಅವನಿಗೆ ಬರುತ್ತೆ, ನಮ್ಮ ಸೋಮವಾರದ ಮೀಟಿಂಗುಗಳಲ್ಲಿ ಅದು ಈಗಲೂ ಉಪಯೋಗಕ್ಕೆ ಬರ್ತಿದೆ.

ಟೈಮ್ ಇದ್ದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೂ ಹೋಗಿ ಬನ್ನಿ. 108 ಅಡಿಯ ಲಿಂಗ, ಸುತ್ತ ಕಣ್ಣು ಹಾಯಿಸಿದಷ್ಟೂ ಲಿಂಗಗಳು. ಭಾನುವಾರ ಕ್ಯೂ ಉದ್ದ.

ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಇಳಿಯದೇ ಬಂದರೆ ಟ್ರಿಪ್ ಅರ್ಧಂಬರ್ಧ. ಬೆಂಗಳೂರಿನ ಬಡಾವಣೆಗಳಲ್ಲಿ 'ಬಂಗಾರಪೇಟೆ ಚಾಟ್ಸ್' ಅಂತ ಬೋರ್ಡು ಹಾಕಿಕೊಂಡಿರುವ ಅಂಗಡಿಗಳ ತವರು ಇದು. ಇಲ್ಲಿನ ಪಾನಿಪುರಿಯ ಪಾನಿಗೆ ಬಣ್ಣವೇ ಇಲ್ಲ, ಲೋಟದಲ್ಲಿ ಹಿಡಿದರೆ ಕುಡಿಯೋ ನೀರಿನ ಹಾಗೆ ತಿಳಿ. ಬಾಯಿಗೆ ಹಾಕಿದ ಮೇಲಷ್ಟೇ ಮೆಣಸಿನಕಾಯಿ ಗೊತ್ತಾಗೋದು, ಅಷ್ಟರಲ್ಲಿ ಮುಂದಿನ ಪುರಿ ಕೈಗೆ ಬಂದಿರುತ್ತೆ. ಖಾರ ಕಮ್ಮಿ ಬೇಕಿದ್ದರೆ ಮೊದಲೇ ಹೇಳಿ. ನೀರು ನೋಡಿ ಅಂದಾಜು ಮಾಡ್ತೀನಿ ಅಂದರೆ ಆಗಲ್ಲ.