ಕಾರುಗಳು ನೇರ ಹೋಗಲಿ, ನಾವು ನಾಪೋಕ್ಲಿಗೆ ತಿರುಗೋಣ

ಶನಿವಾರ ಕೊಡಗಿಗೆ ಬರುವ ಕಾರುಗಳ ದಿನಚರಿ ಹೆಚ್ಚುಕಡಿಮೆ ಮೊದಲೇ ಬರೆದಿಟ್ಟಂತಿರುತ್ತದೆ. ಕುಶಾಲನಗರ ದಾಟಿದರೆ ನಿಸರ್ಗಧಾಮ, ದುಬಾರೆ. ಮಡಿಕೇರಿಗೆ ಹತ್ತಿದರೆ ರಾಜಾಸೀಟು, ಅಬ್ಬಿ, ಜೀಪು ಹಿಡಿದು ಮಾಂದಲಪಟ್ಟಿ. ಭಾನುವಾರ ತಲಕಾವೇರಿ, ಸಂಜೆ ಬಂದ ದಾರಿಯಲ್ಲೇ ವಾಪಸ್ಸು. 4,102 ಚದರ ಕಿಲೋಮೀಟರಿನ ಈ ಜಿಲ್ಲೆಯಲ್ಲಿ 2011ರ ಜನಗಣತಿ ಲೆಕ್ಕ ಹಾಕಿದ್ದು ಐದೂವರೆ ಲಕ್ಷ ಜನರನ್ನು ಮಾತ್ರ. ಹೊರಗಿನಿಂದ ಬರುವ ಗದ್ದಲವೆಲ್ಲ ನಾಲ್ಕಾರು ರಸ್ತೆಗಳ ಮೇಲೇ ಸುರಿಯುತ್ತದೆ. ಮಿಕ್ಕ ರಸ್ತೆಗಳಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಮೂರ್ನಾಡಿನಲ್ಲಿ ವಿರಾಜಪೇಟೆಯ ದಾರಿ ಬಿಟ್ಟು ನಾಪೋಕ್ಲಿನ ಕಡೆ ಸೈಕಲ್ ತಿರುಗಿಸಿದರೆ ಇದು ಅರ್ಥವಾಗುತ್ತದೆ. ಒಂದು ಖಾಸಗಿ ಬಸ್ಸು, ಗೊಬ್ಬರದ ಮೂಟೆ ಹೊತ್ತ ಒಂದು ಪಿಕಪ್, ಮತ್ತೆ ಬಹಳ ಹೊತ್ತು ಚೈನಿನ ಸದ್ದು ಬಿಟ್ಟರೆ ಇನ್ನೇನೂ ಇರುವುದಿಲ್ಲ.

ಈ ನಿಶ್ಶಬ್ದವನ್ನು ಯಾರೂ ಯೋಜಿಸಿದ್ದಲ್ಲ, ಯಾರಿಗೂ ಬೇಡವಾಗಿ ಉಳಿದದ್ದು. ಫ್ರಾನ್ಸಿನಲ್ಲಿ ಹಾಗಿಲ್ಲ. ಅಲ್ಲಿನ ಲುವಾರ್ ನದಿ ಸಾವಿರ ಕಿಲೋಮೀಟರಿನಷ್ಟು ಉದ್ದದ್ದು, ನಮ್ಮ ಕಾವೇರಿ ಸುಮಾರು ಎಂಟುನೂರು. ಆ ನದಿಯ ಜೊತೆಗೇ ಸುಮಾರು 900 ಕಿ.ಮೀ. ಸೈಕಲ್ ದಾರಿ ಅಟ್ಲಾಂಟಿಕ್ ಕಡಲಿನವರೆಗೂ ಹೋಗುತ್ತದೆ. ಕಪ್ಪು ಸಮುದ್ರವನ್ನು ಮುಟ್ಟುವ ಯೂರೋವೆಲೊ 6 ಎಂಬ ಮಹಾಮಾರ್ಗದ ಒಂದು ತುಂಡು ಅದು. ದಾರಿಯ ಒಂದಷ್ಟು ಭಾಗ ಪ್ರವಾಹ ತಡೆಯಲು ಶತಮಾನಗಳ ಹಿಂದೆ ಕಟ್ಟಿದ ಮಣ್ಣಿನ ಏರಿಗಳ ಮೇಲೆ, ಇನ್ನೊಂದಷ್ಟು ಸರಕಿನ ದೋಣಿ ಎಳೆಯುತ್ತಿದ್ದ ಕುದುರೆಗಳ ಕಾಲುವೆದಂಡೆಯ ಮೇಲೆ ಸಾಗುತ್ತದೆ. ಮೋಟಾರು ವಾಹನಕ್ಕೆ ಪ್ರವೇಶವಿಲ್ಲದ 'ಹಸಿರು ದಾರಿ' ಎಂದರೇನು ಎಂಬುದನ್ನು ಆ ದೇಶ 2004ರಲ್ಲಿ ಸಂಚಾರ ನಿಯಮಾವಳಿಯಲ್ಲೇ ಬರೆದಿಟ್ಟಿತು. ದಾರಿಯಿಂದ ಐದು ಕಿ.ಮೀ. ಒಳಗಿದ್ದು, ಸೈಕಲ್ ನಿಲ್ಲಿಸಲು ಭದ್ರವಾದ ಜಾಗ ಮತ್ತು ರಿಪೇರಿ ಸಾಮಾನು ಇಟ್ಟುಕೊಂಡ ವಸತಿಗೃಹಗಳಿಗೆ ಪ್ರತ್ಯೇಕ ಗುರುತಿನ ಫಲಕವನ್ನೂ ಕೊಡುತ್ತಾರೆ.

ಕೊಡಗಿನಲ್ಲಿ ಕಾವೇರಿಯ ದಂಡೆಗುಂಟ ರಸ್ತೆ ಇಲ್ಲ, ಇರಲು ಕಾರಣವೂ ಇಲ್ಲ. ಹೊಳೆಯ ಮಗ್ಗುಲಲ್ಲಿ ಗದ್ದೆ, ಗದ್ದೆಯ ಮೇಲೆ ಬಾಣೆ ಎಂಬ ಗುಡ್ಡದ ಜಮೀನು, ಬಾಣೆಯಲ್ಲಿ ಕಾಫಿ. ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳು ಗದ್ದೆಗೆ ಮುಖ ಮಾಡಿ ಎತ್ತರದಲ್ಲಿ ಕೂತಿವೆ, ರಸ್ತೆಯೂ ಮನೆಗಳ ಬೆನ್ನು ಹಿಡಿದು ಏಣಿನ ಮೇಲೆ ಹೋಗುತ್ತದೆ. ಹಾಗಾಗಿ ಇಲ್ಲಿ ನದಿ ಸಿಗುವುದು ಸೇತುವೆಗಳಲ್ಲಿ ಮಾತ್ರ. ಒಂದು ಸೇತುವೆಯಲ್ಲಿ ನೋಡಿ, ತೋಟದೊಳಗೆ ಕಳೆದುಕೊಂಡು, ಮುಂದಿನ ಇಳಿಜಾರಿನ ಬುಡದಲ್ಲಿ ಮತ್ತೆ ಕಾಣಬೇಕು. ಲುವಾರಿನ ದಂಡೆಯಲ್ಲಿ ದಿನವಿಡೀ ನೀರು ಕಣ್ಣೆದುರೇ ಇರುತ್ತದೆ. ನನಗೆ ನಮ್ಮದೇ ಹೆಚ್ಚು ಇಷ್ಟ. ಪ್ರತಿ ಸಲ ಸಿಕ್ಕಾಗಲೂ ಹೊಳೆ ಹಿಂದಿನದಕ್ಕಿಂತ ಅಗಲವಾಗಿರುತ್ತದೆ.

ಶುರು ಮಾಡಬೇಕಾದ್ದು ಭಾಗಮಂಡಲದಿಂದ. 1,276 ಮೀಟರ್ ಎತ್ತರದ ತಲಕಾವೇರಿಯಿಂದ ಇಳಿಯುವ ಎಂಟು ಕಿ.ಮೀ. ಕಡಿದಾದ ದಾರಿ, ಅಲ್ಲಿ ಬ್ರೇಕಿನ ಪರೀಕ್ಷೆ ಆಗುತ್ತದೆಯೇ ಹೊರತು ಸುಖವಿಲ್ಲ, ಮೇಲಾಗಿ ಕಾರುಗಳ ಸಾಲು. ತ್ರಿವೇಣಿ ಸಂಗಮದಲ್ಲಿ ಕನ್ನಿಕೆ ಸೇರಿದ ಮೇಲೆ ಕಾವೇರಿಯ ಅವಸರ ಇಳಿಯುತ್ತದೆ. ಮಡಿಕೇರಿಯಿಂದ ಬೆಟ್ಟಗೇರಿ, ಚೇರಂಬಾಣೆ ಮೇಲೆ ಬಂದ ಪ್ರವಾಸಿಗರು ಅದೇ ದಾರಿಯಲ್ಲಿ ಹಿಂತಿರುಗುತ್ತಾರೆ. ಸೈಕಲ್ಲಿನವರು ಅಯ್ಯಂಗೇರಿ, ಬಲ್ಲಮಾವಟಿ ಮೂಲಕ ನಾಪೋಕ್ಲಿನ ದಾರಿ ಹಿಡಿಯಬೇಕು. ಎಡಕ್ಕೂ ಬಲಕ್ಕೂ ಗದ್ದೆಬಯಲು, ಮೇಲೆ ತಡಿಯಂಡಮೋಳ್ ಸಾಲು. ಮಳೆಗಾಲದಲ್ಲಿ ಈ ರಸ್ತೆ ಹೊಳೆಯ ಪಾಲು. ಭಾಗಮಂಡಲದಲ್ಲಿ ನೆರೆಗೆ ಸಿಗದಂತೆ ಎತ್ತರದ ಮೇಲ್ಸೇತುವೆ ಕಟ್ಟಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ.

ನಾಪೋಕ್ಲಿನಲ್ಲಿ ಕಾಲಿಗೆ ಕಸುವಿದ್ದರೆ ಕಕ್ಕಬ್ಬೆಗೆ ಒಂದು ಸುತ್ತು ಹಾಕಬಹುದು. 1792ರಿಂದ 94ರ ನಡುವೆ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಅಲ್ಲಿದೆ. ಏರು ಒಂದೇ ಸಮನೆ ಉದ್ದವಿರುವುದಿಲ್ಲ, ತುಂಡು ತುಂಡಾಗಿ ಬಂದು ಉಸಿರು ಕೀಳುತ್ತದೆ. ಮುಂದಿನ ಹಲ್ಲುಚಕ್ರ ಚಿಕ್ಕದು, ಹಿಂದಿನದು ದೊಡ್ಡದು ಇದ್ದರೆ ಮರ್ಯಾದೆಯಿಂದ ಹತ್ತಬಹುದು. ಇಲ್ಲವಾದರೆ ಇಳಿದು ತಳ್ಳಬೇಕು, ಆಗ ಎದುರಾದವರೆಲ್ಲ "ಗಾಡಿ ಕೆಟ್ಟೋಯ್ತಾ ಅಣ್ಣಾ?" ಎಂದು ನಿಂತು ಕೇಳುತ್ತಾರೆ. ಕೊಡಗಿನ ಗುಡ್ಡಗಳಲ್ಲಿ ಸೈಕಲ್ ಎಂದೂ ಬೇರೂರಿದ ವಾಹನವಲ್ಲ. ನಡಿಗೆಯ ನಂತರ ನೇರವಾಗಿ ಜೀಪೇ ಬಂತು. ಆದ್ದರಿಂದ ಆ ಪ್ರಶ್ನೆಯಲ್ಲಿ ಕುಹಕವಿಲ್ಲ.

ನಾಪೋಕ್ಲು ಬಿಟ್ಟ ಮೇಲೆ ಬೇತ್ರಿಯ ಸೇತುವೆಯಲ್ಲಿ ಕಾಣುವ ಹೊಳೆ ಕೊಂಡಂಗೇರಿಯ ಹೊತ್ತಿಗೆ ನದಿಯಾಗಿರುತ್ತದೆ. ಮುಂದೆ ಕರಡಿಗೋಡು, ಸಿದ್ದಾಪುರ. ಸೇತುವೆ ದಾಟಿದರೆ ನೆಲ್ಯಹುದಿಕೇರಿ. ಅಲ್ಲಿಂದ ವಾಲ್ನೂರು, ತ್ಯಾಗತ್ತೂರು, ನಂಜರಾಯಪಟ್ಟಣ ಎಂದು ಗುಡ್ಡೆಹೊಸೂರಿಗೆ ಇಳಿಯುವ ದಾರಿ ನದಿಗೆ ಹತ್ತಿರವೇ ಹೋಗುತ್ತದೆ. ಸಿಲ್ವರ್ ಓಕಿನ ನೆರಳು, ಮೆಣಸಿನ ಬಳ್ಳಿ, ತೋಟದ ಗೇಟು, ಗೇಟಿನಾಚೆ ಲೈನ್‌ಮನೆಗಳ ಹೊಗೆ.

ಈ ಭಾಗದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇಲ್ಲಿನ ಆನೆಗಳಲ್ಲಿ ಹಲವು ಕಾಡು ಬಿಟ್ಟು ಕಾಫಿ ತೋಟದಲ್ಲೇ ಸಂಸಾರ ಹೂಡಿವೆ. ಬೆಳಗಿನ ಜಾವ, ಸಂಜೆ ರಸ್ತೆ ದಾಟುತ್ತವೆ. ತೋಟಕ್ಕೆ ಕೆಲಸಕ್ಕೆ ಹೋದವರು ಪ್ರಾಣ ಕಳೆದುಕೊಂಡ ಸುದ್ದಿ ಪ್ರತಿ ವರ್ಷ ಬರುತ್ತದೆ. ಕಾರು ಬರುವುದು ಆನೆಗೆ ದೂರದಿಂದಲೇ ಗೊತ್ತಾಗುತ್ತದೆ, ಸೈಕಲ್ ಬರುವುದು ಗೊತ್ತಾಗುವುದಿಲ್ಲ. ನಾವು ಹುಡುಕಿಕೊಂಡು ಬಂದ ನಿಶ್ಶಬ್ದವೇ ತಿರುವಿನಲ್ಲಿ ಅಪಾಯ. ಬಿಸಿಲು ಬಲಿತ ಮೇಲೆ ಹೊರಡಿ, ನಾಲ್ಕು ಗಂಟೆಯೊಳಗೆ ತಂಗುವ ಜಾಗ ಸೇರಿ, ತಿರುವುಗಳಲ್ಲಿ ಬೆಲ್ ಬಾರಿಸಿ. ರಸ್ತೆಯಲ್ಲಿ ಹಸಿ ಲದ್ದಿ ಕಂಡರೆ ಮೊದಲು ಸಿಕ್ಕ ಅಂಗಡಿಯಲ್ಲಿ ವಿಚಾರಿಸಿ. ಗುಂಪು ಯಾವ ತೋಟದಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಕಾಲವನ್ನೂ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾತೇ ಬೇಡ: ಜಿಗಣೆ, ಪಾಚಿ, ಮುರಿದುಬಿದ್ದ ಮರ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದದ್ದನ್ನು ಯಾರೂ ಮರೆತಿಲ್ಲ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದಲ್ಲಿ ತಲಕಾವೇರಿಯ ತೀರ್ಥೋದ್ಭವಕ್ಕೆ ಜನಸಾಗರ. ಸುಗ್ಗಿಹಬ್ಬ ಪುತ್ತರಿಯ ನಂತರ ಡಿಸೆಂಬರ್, ಜನವರಿ ಒಳ್ಳೆಯದು. ಕಾಫಿ ಕುಯ್ಲು ನಡೆದಿರುತ್ತದೆ, ಕಣಗಳಲ್ಲಿ ಚೆರ್ರಿ ಒಣಗುವ ಹುಳಿಮಿಶ್ರಿತ ವಾಸನೆ ರಸ್ತೆಯವರೆಗೂ ಬರುತ್ತದೆ. ಹೂವು ನೋಡಬೇಕೆಂದರೆ ಫೆಬ್ರವರಿ, ಮಾರ್ಚ್. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ಮಳೆ ಕೈಕೊಟ್ಟರೆ ರೊಬಸ್ಟಾ ತೋಟದವರು ಹೊಳೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಆಗ ನದಿಯ ತಿರುವು ತಿರುವಿಗೂ ಡೀಸೆಲ್ ಎಂಜಿನ್ನಿನ ಬಡಿತ. ಆ ದಿನಗಳಲ್ಲಿ ಪೂರ್ಣ ಮೌನ ನಿರೀಕ್ಷಿಸಬಾರದು, ಅದು ಊರಿನ ಅನ್ನದ ಸದ್ದು.

ತಲುಪುವುದು ಸುಲಭವಲ್ಲ. ಕೊಡಗಿಗೆ ರೈಲಿಲ್ಲ, ಮೈಸೂರಿನಲ್ಲಿ ಇಳಿಯಬೇಕು. ಬೆಂಗಳೂರಿನಿಂದ ತುಳಿದೇ ಬರುತ್ತೇನೆ ಎನ್ನುವವರಿಗೆ 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯಪಥ ಮುಚ್ಚಿದೆ. ಬೈಕಿಗೂ ಇಲ್ಲ, ಸೈಕಲ್ಲಿಗೂ ಇಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಮೈಸೂರು–ಕುಶಾಲನಗರ ನಡುವಿನ 92 ಕಿ.ಮೀ. ನಾಲ್ಕು ಪಥದ ಹೆದ್ದಾರಿಗೆ ಶಂಕುಸ್ಥಾಪನೆಯಾಯಿತು. ಅದು ಮುಗಿದ ಮೇಲೆ ಬರುವ ಕಾರುಗಳು ಈಗಿನ ನಾಲ್ಕಾರು ರಸ್ತೆಗಳಲ್ಲಿ ಹಿಡಿಸಲಾರವು. ನಾಪೋಕ್ಲಿನ ತಿರುವು ಅವುಗಳಿಗೂ ಗೊತ್ತಾಗುತ್ತದೆ.

ಹಾಗಿರುವಾಗ ಕುಶಾಲನಗರದ ಆಸುಪಾಸನ್ನು ಕಾರು ಬಾರದ ದಾರಿ ಹುಡುಕುವ ಕಣ್ಣಿನಿಂದ ನೋಡಬೇಕೆನಿಸುತ್ತದೆ. ಕೂಡಿಗೆಯಲ್ಲಿ ಹಾರಂಗಿ ಬಂದು ಸೇರಿದ ಮೇಲೆ ಕಾವೇರಿಯ ಬಯಲು ಸಮತಟ್ಟಾಗುತ್ತದೆ. ಕಣಿವೆ ಎಂಬ ಊರಿನ ರಾಮಲಿಂಗೇಶ್ವರ ದೇವಸ್ಥಾನದ ಬಳಿ ತೂಗುಸೇತುವೆ ಇದೆ. ಆಚೆ ದಡ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಇಂಥ ನೂರಕ್ಕೂ ಹೆಚ್ಚು ಕಾಲುಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದವರು ಪಕ್ಕದ ಸುಳ್ಯದ ಗಿರೀಶ್ ಭಾರದ್ವಾಜ್. ಶಾಲೆಯ ಮಕ್ಕಳು ಹೊಳೆ ದಾಟಲೆಂದು ಹುಟ್ಟಿದ ಈ ಸೇತುವೆಗಳಲ್ಲಿ ಕಾರಿಗೆ ಜಾಗವೇ ಇಲ್ಲ. ಸೈಕಲ್ ತಳ್ಳಿಕೊಂಡು ಹೋದರೆ ಎರಡು ಜಿಲ್ಲೆ ಕೂಡಿಕೊಳ್ಳುತ್ತವೆ.

ಇನ್ನು ಹಾರಂಗಿಯ ನಾಲೆಗಳು. 2,859 ಅಡಿ ಗರಿಷ್ಠ ಮಟ್ಟದ, ಎಂಟೂವರೆ ಟಿಎಂಸಿ ಹಿಡಿಯುವ ಆ ಜಲಾಶಯದಿಂದ ಎಡದಂಡೆ, ಬಲದಂಡೆ ನಾಲೆಗಳು ಹೊರಟು ಕೆಳಗಿನ ತಾಲ್ಲೂಕುಗಳ ಗದ್ದೆಗೆ ನೀರು ಕೊಂಡೊಯ್ಯುತ್ತವೆ. ನೀರು ತಾನಾಗಿ ಹರಿಯಬೇಕಾದ್ದರಿಂದ ನಾಲೆಗೆ ಏರು ಇಲ್ಲ, ಇಳಿಜಾರೂ ಕಣ್ಣಿಗೆ ಕಾಣದಷ್ಟು. ನಾಲೆಯನ್ನು ನೋಡಿಕೊಳ್ಳುವವರ ಓಡಾಟಕ್ಕೆಂದು ಮಾಡಿದ ಏರಿರಸ್ತೆ ಪಕ್ಕದಲ್ಲೇ ಇರುತ್ತದೆ. ಫ್ರೆಂಚರ ಕಾಲುವೆದಂಡೆಗೂ ಇದಕ್ಕೂ ಇರುವ ವ್ಯತ್ಯಾಸ ಜಲ್ಲಿ ಹಾಕಿ ಮಟ್ಟ ಮಾಡುವ ಕೆಲಸದ್ದು, ನಾಲೆಯ ಬದಿಗೆ ತಡೆಬೇಲಿಯದ್ದು. ಅದರ ಜೊತೆಗೆ ಕಾರು ನುಗ್ಗದಂತೆ ತುದಿಗೆರಡು ಕಲ್ಲುಕಂಬ ಬೇಕು, ಜಲಾಶಯ ನಾಲೆಗಳ ಒಡೆತನದ ಕಾವೇರಿ ನೀರಾವರಿ ನಿಗಮದ ಒಪ್ಪಿಗೆ ಬೇಕು.