‘ಇವತ್ತು ಆಡಬೇಡ’ ಎನ್ನಲು ಒಂದು ವರ್ಷದ ಪಾಠ

2006ರ ಅಕ್ಟೋಬರ್ ತಿಂಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇಪಲ್ ವ್ಯಾಲಿ ಎಂಬ ಊರಿನಲ್ಲಿ ಶಾಲಾ ಮಕ್ಕಳ ಫುಟ್‌ಬಾಲ್ ಪಂದ್ಯ. ಇದು ನಮ್ಮ ಕಡೆಯ ಕಾಲ್ಚೆಂಡಲ್ಲ. ತಲೆಗೆ ಹೆಲ್ಮೆಟ್, ಹೆಗಲಿಗೆ ಮೆತ್ತೆ ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಡಿಕ್ಕಿ ಹೊಡೆದು ಕೆಡಹುವ ಆಟ. 13 ವರ್ಷದ ಝಾಕರಿ ಲೈಸ್ಟೆಡ್ ಎಂಬ ಹುಡುಗ ಎದುರಾಳಿಯನ್ನು ತಡೆಯುವ ಭರದಲ್ಲಿ ಬಿದ್ದ. ತಲೆ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಹೊರಗಿದ್ದು ಮತ್ತೆ ಅಂಗಳಕ್ಕಿಳಿದ. ಪಂದ್ಯ ಮುಗಿದ ಮೇಲೆ ಕುಸಿದು ಬಿದ್ದ. ತಲೆಬುರುಡೆಯೊಳಗೆ ರಕ್ತಸ್ರಾವವಾಗಿತ್ತು. ತುರ್ತು ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು. ಆದರೆ ಮಾತು, ನಡಿಗೆ, ಎಲ್ಲವನ್ನೂ ಅವನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಅವನನ್ನು ಮತ್ತೆ ಆಟಕ್ಕೆ ಬಿಟ್ಟದ್ದೇ ತಪ್ಪಾಗಿತ್ತು. ಒಮ್ಮೆ ಪೆಟ್ಟು ತಿಂದ ಮಿದುಳು ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. 2009ರಲ್ಲಿ ವಾಷಿಂಗ್ಟನ್ ರಾಜ್ಯ ಆ ಹುಡುಗನ ಹೆಸರಿನಲ್ಲೇ ಒಂದು ಕಾನೂನು ಮಾಡಿತು. ತಲೆಗೆ ಪೆಟ್ಟಾಗಿದೆ ಎಂಬ ಅನುಮಾನ ಬಂದ ಕೂಡಲೇ ಮಗುವನ್ನು ಆಟದಿಂದ ಹೊರಗೆ ತರಬೇಕು. ಇಂಥ ಪೆಟ್ಟನ್ನು ಪರೀಕ್ಷಿಸುವುದರಲ್ಲಿ ತರಬೇತಿ ಪಡೆದ, ಪರವಾನಗಿಯುಳ್ಳ ಆರೋಗ್ಯ ಪರಿಣತರು ಬರೆದು ಕೊಡುವವರೆಗೆ ಮತ್ತೆ ಆಡಿಸುವಂತಿಲ್ಲ ಎಂಬುದು ಅದರ ಸಾರ. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಈ ಬಗೆಯ ಕಾನೂನು ಬಂದಿತ್ತು.

ಕಾನೂನು ಬಂತು, ಸರಿ. ಆದರೆ ಹಾಗೆ ಬರೆದು ಕೊಡಬಲ್ಲವರು ಎಲ್ಲಿ ತಯಾರಾಗುತ್ತಾರೆ? ಈ ಪ್ರಶ್ನೆಗೆ ಅಮೆರಿಕ ಕಂಡುಕೊಂಡ ಉತ್ತರಗಳಲ್ಲಿ ಮುಖ್ಯವಾದುದು ‘ಪ್ರೈಮರಿ ಕೇರ್ ಸ್ಪೋರ್ಟ್ಸ್ ಮೆಡಿಸಿನ್ ಫೆಲೊಶಿಪ್’. ಮನೆಮಂದಿಗೆಲ್ಲ ಮದ್ದು ಕೊಡುವ ಸಾಮಾನ್ಯ ವೈದ್ಯರಿಗೆ ಆಟಗಾರರ ಆರೋಗ್ಯದಲ್ಲಿ ನೀಡುವ ಒಂದು ವರ್ಷದ ಹೆಚ್ಚುವರಿ ತರಬೇತಿ ಇದು.

ಮೂಳೆ ವೈದ್ಯರ ಕಾಲ

ಆಟಗಾರರಿಗೆ ವೈದ್ಯರಿರುವುದು ಹೊಸ ಸಂಗತಿಯಲ್ಲ. ಗ್ರೀಕ್ ವೈದ್ಯ ಗೇಲನ್ ಎರಡನೆಯ ಶತಮಾನದಲ್ಲಿ ಪೆರ್ಗಮಮ್ ನಗರದ ಮಲ್ಲರಿಗೆ, ಅಂದರೆ ಗ್ಲಾಡಿಯೇಟರುಗಳಿಗೆ, ಚಿಕಿತ್ಸೆ ಮಾಡಿಯೇ ಹೆಸರು ಗಳಿಸಿದ. ಅಮೆರಿಕದಲ್ಲಿ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂದುದು 1905ರಲ್ಲಿ. ಆ ಒಂದು ಋತುವಿನಲ್ಲೇ ಫುಟ್‌ಬಾಲ್ ಆಡುತ್ತಾ 18 ಮಂದಿ ಸತ್ತರೆಂದು ಪತ್ರಿಕೆಗಳು ವರದಿ ಮಾಡಿದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಮರುವರ್ಷ ಆಟದ ನಿಯಮಗಳು ಬದಲಾದವು. ಕಾಲೇಜು ಕ್ರೀಡೆಗಳನ್ನು ಇಂದಿಗೂ ನಡೆಸುತ್ತಿರುವ ಎನ್‌ಸಿಎಎ ಸಂಸ್ಥೆಯ ಹುಟ್ಟೂ ಆ ಗದ್ದಲದಲ್ಲೇ ಆಯಿತು.

ಮುಂದೆ ಬಹಳ ಕಾಲ ತಂಡದ ವೈದ್ಯರೆಂದರೆ ಮೂಳೆ ಶಸ್ತ್ರವೈದ್ಯರೇ. ಮೊಣಕಾಲು ಮುರಿದರೆ, ಹೆಗಲು ಜಾರಿದರೆ ಅವರೇ ಬೇಕು. 1954ರಲ್ಲಿ ‘ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ ಹುಟ್ಟಿತು; 1972ರಲ್ಲಿ ಮೂಳೆ ವೈದ್ಯರು ತಮ್ಮದೇ ಕ್ರೀಡಾ ವೈದ್ಯ ಸಂಘ ಕಟ್ಟಿಕೊಂಡರು. ಆದರೆ ಆಟಗಾರನಿಗೆ ಮೂಳೆ ಮಾತ್ರ ಇರುವುದಿಲ್ಲವಲ್ಲ. ಅವನಿಗೂ ಜ್ವರ ಬರುತ್ತದೆ, ಆಸ್ತಮಾ ಇರುತ್ತದೆ, ಎದೆ ಬಡಿತ ತಪ್ಪುತ್ತದೆ, ಮನಸ್ಸು ಕುಗ್ಗುತ್ತದೆ. ಆಟದಲ್ಲಾಗುವ ಪೆಟ್ಟುಗಳಲ್ಲಿ ಕೂಡ ಸುಮಾರು ಶೇಕಡ 90ಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ ಎಂಬುದು ಈ ಕ್ಷೇತ್ರದ ವೈದ್ಯರ ಲೆಕ್ಕ. ಕತ್ತರಿ ಹಿಡಿಯದ ವೈದ್ಯರಿಗೆ ಇಲ್ಲಿ ಕೆಲಸವಿದೆ ಎಂಬ ಅರಿವು ಬೆಳೆದದ್ದು ಹೀಗೆ.

1989ರಲ್ಲಿ ಕುಟುಂಬ ವೈದ್ಯ, ಸಾಮಾನ್ಯ ಒಳರೋಗ, ಮಕ್ಕಳ ವೈದ್ಯ ಮತ್ತು ತುರ್ತು ಚಿಕಿತ್ಸೆ ಎಂಬ ನಾಲ್ಕು ವಿಭಾಗಗಳ ಉಪಶಾಖೆಯಾಗಿ ಕ್ರೀಡಾ ವೈದ್ಯಕ್ಕೆ ಮಾನ್ಯತೆ ಸಿಕ್ಕಿತು. 1991ರಲ್ಲಿ ಈ ವೈದ್ಯರ ಸ್ವಂತ ಸಂಘ ಸ್ಥಾಪನೆಯಾಯಿತು. 1993ರಲ್ಲಿ ಮೊದಲ ಪರೀಕ್ಷೆ ನಡೆದು ‘ಹೆಚ್ಚುವರಿ ಅರ್ಹತೆ’ಯ ಪ್ರಮಾಣಪತ್ರ ನೀಡುವುದು ಆರಂಭವಾಯಿತು. ದೈಹಿಕ ಪುನಶ್ಚೇತನ ತಜ್ಞರಿಗೆ ಈ ಬಾಗಿಲು ತೆರೆದುದು ಇನ್ನೂ ತಡವಾಗಿ.

ಒಂದು ವರ್ಷದ ದಿನಚರಿ

ಫೆಲೊಶಿಪ್‌ಗೆ ಬರುವ ವೈದ್ಯರು ಹಸಿ ಹುಡುಗರಲ್ಲ. ಅಮೆರಿಕದಲ್ಲಿ ಪದವಿಗೆ ನಾಲ್ಕು ವರ್ಷ, ವೈದ್ಯಕೀಯ ಕಾಲೇಜಿಗೆ ನಾಲ್ಕು ವರ್ಷ, ಆಮೇಲೆ ಆಸ್ಪತ್ರೆಯಲ್ಲಿ ಕನಿಷ್ಠ ಮೂರು ವರ್ಷದ ರೆಸಿಡೆನ್ಸಿ. ಅಷ್ಟು ಮುಗಿದ ಮೇಲೆ ಇದು ಇನ್ನೊಂದು ವರ್ಷ. ಅಷ್ಟರಲ್ಲಿ ಅವರು ಸ್ವತಂತ್ರವಾಗಿ ರೋಗಿಗಳನ್ನು ನೋಡಲು ಅರ್ಹರಾಗಿರುತ್ತಾರೆ. ಮಾನ್ಯತೆ ಪಡೆದ ಇಂಥ ತರಬೇತಿ ಕೇಂದ್ರಗಳು ಅಲ್ಲಿ ಈಗ 200ಕ್ಕೂ ಹೆಚ್ಚಿವೆ. ಒಂದೊಂದು ಕೇಂದ್ರದಲ್ಲಿ ಒಬ್ಬರೋ ಇಬ್ಬರೋ ಅಥವಾ ಕೆಲವರೋ ಮಾತ್ರ ಇರುತ್ತಾರೆ. ಹೀಗಾಗಿ ಇದು ತರಗತಿಯ ಪಾಠಕ್ಕಿಂತ ಗುರುವಿನ ಹಿಂದೆ ನಡೆದು ಕಲಿಯುವ ವಿದ್ಯೆ.

ಹಗಲಿನಲ್ಲಿ ಕ್ರೀಡಾ ಚಿಕಿತ್ಸಾಲಯ. ಕೀಲನ್ನು ಕೈಯಿಂದ ಮುಟ್ಟಿ, ತಿರುಗಿಸಿ, ನೋವಿನ ಮೂಲ ಹುಡುಕಬೇಕು. ಅಲ್ಟ್ರಾಸೌಂಡ್ ಯಂತ್ರದ ಪರದೆಯಲ್ಲಿ ಸ್ನಾಯು, ಕಂಡರಗಳನ್ನು ನೋಡುತ್ತಾ ಸರಿಯಾದ ಜಾಗಕ್ಕೆ ಸೂಜಿ ತಲುಪಿಸಬೇಕು. ವಾರದಲ್ಲಿ ಅರ್ಧ ದಿನ ತಮ್ಮ ಮೂಲ ವಿಭಾಗದ ರೋಗಿಗಳನ್ನು ನೋಡುವುದೂ ಉಂಟು, ಬಿ.ಪಿ., ಸಕ್ಕರೆ ಕಾಯಿಲೆಗಳ ಚಿಕಿತ್ಸೆ ಮರೆತು ಹೋಗಬಾರದೆಂದು ಈ ಏರ್ಪಾಡು. ಸಂಜೆಗೆ ಕಾಲೇಜಿನ ತಾಲೀಮು ಕೋಣೆ. ಶುಕ್ರವಾರ ರಾತ್ರಿ ಪ್ರೌಢಶಾಲೆಯ ಫುಟ್‌ಬಾಲ್, ಶನಿವಾರ ಕಾಲೇಜು ಪಂದ್ಯ, ಭಾನುವಾರ ಎಲ್ಲಾದರೂ ಮ್ಯಾರಥಾನ್.

ಮ್ಯಾರಥಾನ್ ಡೇರೆಯಲ್ಲಿ ಕಲಿಯುವ ಒಂದು ಪಾಠವನ್ನು ನೋಡಿದರೆ ಈ ತರಬೇತಿ ಯಾಕೆ ಬೇಕೆಂಬುದು ತಿಳಿಯುತ್ತದೆ. ಓಟ ಮುಗಿಸಿದ ಇಬ್ಬರನ್ನು ಒಳಗೆ ಹೊತ್ತು ತರುತ್ತಾರೆ. ಇಬ್ಬರೂ ತಡವರಿಸುತ್ತಿದ್ದಾರೆ, ಇಬ್ಬರಿಗೂ ತಾವೆಲ್ಲಿದ್ದೇವೆಂಬ ಎಚ್ಚರವಿಲ್ಲ. ಒಬ್ಬನಿಗೆ ಮೈ ಕಾದು ಶಾಖಾಘಾತವಾಗಿದೆ. ಇನ್ನೊಬ್ಬಳು ದಾರಿಯುದ್ದಕ್ಕೂ ಅತಿಯಾಗಿ ನೀರು ಕುಡಿದು ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶ, ತೆಳುವಾಗಿ ಮಿದುಳು ಊದಿಕೊಂಡಿದೆ. ‘ಬಳಲಿದ್ದಾಳೆ, ನೀರು ಕುಡಿಸಿ’ ಎಂಬ ಸಾಮಾನ್ಯ ಉಪಚಾರ ಎರಡನೆಯವಳನ್ನು ಕೊಂದೇ ಬಿಡಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡ 13ರಷ್ಟು ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು ಎಂಬುದು 2005ರಲ್ಲಿ ಪ್ರಕಟವಾಯಿತು. ನೋಡಲು ಒಂದೇ ರೀತಿ ಇರುವ ಇಬ್ಬರನ್ನು ಬೇರ್ಪಡಿಸಿ ನೋಡಲು ಗುದದ ಉಷ್ಣಾಂಶ ಮತ್ತು ರಕ್ತದ ಒಂದು ಹನಿ ಬೇಕು. ಅದನ್ನು ಕೆಲವೇ ನಿಮಿಷಗಳಲ್ಲಿ ಮಾಡುವ ಅಭ್ಯಾಸವೂ ಬೇಕು.

ಶಾಖಾಘಾತದ ಪಾಠವೂ ದುಬಾರಿ ಬೆಲೆ ತೆತ್ತು ಕಲಿತದ್ದೇ. 2001ರ ಬೇಸಿಗೆಯಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಎಂಬ 27 ವರ್ಷದ ಆಟಗಾರ ತಾಲೀಮಿನ ಅಂಗಳದಲ್ಲಿ ಕುಸಿದ. ಆಸ್ಪತ್ರೆ ಮುಟ್ಟಿದಾಗ ಅವನ ಮೈಬಿಸಿ 108 ಡಿಗ್ರಿ ಫ್ಯಾರನ್‌ಹೀಟ್ ಮೀರಿತ್ತು. ಮರುದಿನ ನಸುಕಿನಲ್ಲಿ ಪ್ರಾಣ ಹೋಯಿತು. ಇಂದು ಫೆಲೊಗಳಿಗೆ ಕಲಿಸುವ ಕ್ರಮ ಹೀಗಿದೆ: ಮೊದಲು ತಣಿಸು, ಆಮೇಲೆ ಸಾಗಿಸು. ಅಂಗಳದ ಪಕ್ಕದಲ್ಲೇ ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿ ಸಿದ್ಧವಿರಬೇಕು. ಆಂಬುಲೆನ್ಸ್ ಬಂದು ನಿಂತಿದ್ದರೂ ಕಾಯಲಿ, ಮೈ ತಣ್ಣಗಾಗುವುದು ಮುಖ್ಯ.

ಹೃದಯದ ವಿಷಯವೂ ಹೀಗೆಯೇ. 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ವಾಲಿಬಾಲ್ ತಂಡದ ತಾರೆ ಫ್ಲೋ ಹೈಮನ್, 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ಸತ್ತರು. ಆರಡಿ ಐದಂಗುಲದ ಅವರ ಎತ್ತರವನ್ನು ಎಲ್ಲರೂ ಮೆಚ್ಚಿದ್ದರು. ಮಾರ್ಫನ್ ಎಂಬ ಹುಟ್ಟು ತೊಂದರೆ ಅವರ ಮಹಾಪಧಮನಿಯನ್ನು ದುರ್ಬಲಗೊಳಿಸಿದೆ ಎಂಬುದು ತಿಳಿದದ್ದು ಸತ್ತ ಮೇಲೆ. ಆಟಕ್ಕೆ ಮುಂಚಿನ ತಪಾಸಣೆಯೆಂದರೆ ಸಹಿ ಹಾಕುವ ಶಾಸ್ತ್ರವಲ್ಲ ಎಂದು ಹೇಳಲು ಇಂಥ ಪ್ರಕರಣಗಳನ್ನು ಪಾಠ ಮಾಡುತ್ತಾರೆ. ದೂರ ಓಡುವ ಹುಡುಗಿಯ ಕಾಲಿನ ಮೂಳೆಯಲ್ಲಿ ಮತ್ತೆ ಮತ್ತೆ ಸಣ್ಣ ಬಿರುಕು ಬಿಡುತ್ತಿದ್ದರೆ ಕಾಲನ್ನಷ್ಟೇ ನೋಡಿದರೆ ಸಾಲದು. ಹೊಟ್ಟೆಗೆ ಸಾಕಷ್ಟು ತಿನ್ನುತ್ತಿದ್ದಾಳೆಯೇ, ತಿಂಗಳ ಮುಟ್ಟು ಸರಿಯಾಗಿದೆಯೇ ಎಂದು ಕೇಳಬೇಕು. ಈ ಮೂರೂ ಒಂದೇ ಸರಪಳಿಯ ಕೊಂಡಿಗಳು ಎಂಬುದು 1990ರ ದಶಕದಲ್ಲಿ ಸ್ಪಷ್ಟವಾಯಿತು.

ಯಾರ ಮಾತು ಕೊನೆಯದು?

ಇವೆಲ್ಲ ವಿದ್ಯೆಯ ಮಾತು. ಪುಸ್ತಕದಿಂದ ಕಲಿಯಲಾಗದ ಭಾಗ ಇನ್ನೊಂದಿದೆ. ಕೊನೆಯ ಹತ್ತು ನಿಮಿಷ ಉಳಿದಿದೆ, ತಂಡ ಸೋಲುತ್ತಿದೆ. ಪೆಟ್ಟು ತಿಂದ ಹುಡುಗ ‘ನನಗೇನೂ ಆಗಿಲ್ಲ’ ಎನ್ನುತ್ತಾನೆ. ಕೋಚ್ ಗಡಿಯಾರ ನೋಡುತ್ತಾನೆ. ಆ ಪಂದ್ಯದಿಂದಲೇ ಮಗನಿಗೆ ಕಾಲೇಜಿನ ವಿದ್ಯಾರ್ಥಿವೇತನ ಸಿಗಬಹುದೆಂದು ಅಪ್ಪ ಅಮ್ಮ ಕಾದಿರುತ್ತಾರೆ. ಸಾಮಾನ್ಯ ಚಿಕಿತ್ಸಾಲಯದಲ್ಲಿ ರೋಗಿಗೆ ಬೇಕಾದುದು ಮತ್ತು ವೈದ್ಯನಿಗೆ ಬೇಕಾದುದು ಒಂದೇ. ಇಲ್ಲಿ ಹಾಗಲ್ಲ. ರೋಗಿಯೇ ತನ್ನ ರೋಗವನ್ನು ಬಚ್ಚಿಡುತ್ತಾನೆ.

ಆದ್ದರಿಂದಲೇ ಫೆಲೊ ಹಿರಿಯರ ಪಕ್ಕದಲ್ಲಿ ನಿಂತು ‘ಇವತ್ತು ಆಡಬೇಡ’ ಎನ್ನುವುದನ್ನು ಅಭ್ಯಾಸ ಮಾಡುತ್ತಾನೆ. ‘ಯಾವತ್ತು ಆಡಬಹುದು’ ಎನ್ನುವುದನ್ನೂ ಕಲಿಯುತ್ತಾನೆ. ಮಿದುಳಿನ ಪೆಟ್ಟಿನ ನಂತರ ಮೆಟ್ಟಿಲು ಮೆಟ್ಟಿಲಾಗಿ ಆಟಕ್ಕೆ ಮರಳುವ ಕ್ರಮವಿದೆ. ಮೊದಲು ನಡಿಗೆ, ಆಮೇಲೆ ಓಟ, ಡಿಕ್ಕಿಯಿಲ್ಲದ ತಾಲೀಮು, ಕಡೆಗೆ ಪೂರ್ಣ ಆಟ. ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ನಡುವೆ ತಲೆನೋವು ಮರುಕಳಿಸಿದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು.

ವೈದ್ಯನ ಮಾತನ್ನು ಕೋಚ್ ತಳ್ಳಿಹಾಕಿದರೆ ಏನು ಗತಿ? ಈ ಪ್ರಶ್ನೆ ಕಾಲೇಜು ಕ್ರೀಡೆಯನ್ನು ಬಹುಕಾಲ ಕಾಡಿತು. ಕೋಚ್‌ನ ಸಂಬಳ ವೈದ್ಯನ ಸಂಬಳಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುವ ಕಡೆ ಯಾರ ಮಾತು ನಡೆಯುತ್ತದೆಂದು ಊಹಿಸುವುದು ಕಷ್ಟವಲ್ಲ. 2016ರಲ್ಲಿ ಎನ್‌ಸಿಎಎಯ ಐದು ದೊಡ್ಡ ಒಕ್ಕೂಟಗಳು, ಆಟಗಾರ ಆಡಬಹುದೇ ಬೇಡವೇ ಎಂಬ ತೀರ್ಮಾನ ವೈದ್ಯರು ಮತ್ತು ಅಥ್ಲೆಟಿಕ್ ಟ್ರೇನರುಗಳದು, ಅದನ್ನು ಕೋಚ್ ಬದಲಿಸುವಂತಿಲ್ಲ ಎಂಬ ನಿಯಮ ಒಪ್ಪಿಕೊಂಡವು. ಅಥ್ಲೆಟಿಕ್ ಟ್ರೇನರ್ ಎಂದರೆ ಆಟ ಕಲಿಸುವವನಲ್ಲ. ಗಾಯದ ಆರೈಕೆಯಲ್ಲಿ ಪದವಿ ಪಡೆದು ತಂಡದೊಂದಿಗೆ ದಿನವೂ ಇರುವ ಸಿಬ್ಬಂದಿ.

ಅಂಗಳದ ಆಚೆ

ಫೆಲೊಶಿಪ್ ಮುಗಿಸಿದವರೆಲ್ಲ ಪ್ರಸಿದ್ಧ ತಂಡಗಳ ಜೊತೆ ಊರೂರು ಸುತ್ತುತ್ತಾರೆಂದು ತಿಳಿಯಬಾರದು. ಬಹುಪಾಲು ಮಂದಿಯ ಬಾಗಿಲಲ್ಲಿ ಕಾಯುವವರು ಮಂಡಿನೋವಿನ ಅಜ್ಜಿ, ಸೊಂಟ ಹಿಡಿದ ಕೂಲಿಕಾರ, ತೂಕ ಇಳಿಸಬೇಕಾದ ಗುಮಾಸ್ತ. ವ್ಯಾಯಾಮವನ್ನು ಔಷಧಿಯಂತೆ ಅಳತೆ ಹೇಳಿ ಬರೆದು ಕೊಡಬೇಕೆಂಬ ಚಳವಳಿಯೊಂದು 2007ರಲ್ಲಿ ಅಲ್ಲಿ ಶುರುವಾಯಿತು. ಓಟಗಾರನಿಗಾಗಿ ಕಲಿತದ್ದು ಓಡಲಾರದವರಿಗೂ ಉಪಯೋಗಕ್ಕೆ ಬರುವುದು ಹೀಗೆ.

ಕೊರತೆಗಳೂ ಇವೆ. ಒಂದೇ ವರ್ಷದಲ್ಲಿ ಇಷ್ಟೆಲ್ಲ ಸಾಧ್ಯವೇ ಎಂಬ ಪ್ರಶ್ನೆ ಇದ್ದೇ ಇದೆ. ಬ್ರಿಟನ್ 2005ರಲ್ಲಿ ಕ್ರೀಡೆ ಮತ್ತು ವ್ಯಾಯಾಮ ವೈದ್ಯವನ್ನು ಸ್ವತಂತ್ರ ವಿಭಾಗವನ್ನಾಗಿ ಮಾಡಿ ಹಲವು ವರ್ಷಗಳ ತರಬೇತಿಯ ದಾರಿ ಹಿಡಿಯಿತು. ಅಮೆರಿಕ ಮಾತ್ರ, ಮೊದಲು ಕುಟುಂಬ ವೈದ್ಯನಾಗು, ಆಮೇಲೆ ಕ್ರೀಡಾ ವೈದ್ಯನಾಗು ಎಂಬ ಕ್ರಮವನ್ನೇ ಉಳಿಸಿಕೊಂಡಿದೆ. ಇನ್ನೊಂದು ಕೊರತೆ ಹಂಚಿಕೆಯದು. ಹಣವಿರುವ ಕಾಲೇಜಿನಲ್ಲಿ ನಾಲ್ಕಾರು ವೈದ್ಯರಿದ್ದರೆ, ದೇಶದ ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರೌಢಶಾಲೆಗಳಲ್ಲಿ ಅಥ್ಲೆಟಿಕ್ ಟ್ರೇನರ್ ಕೂಡ ಇಲ್ಲ. ಝಾಕರಿಯಂಥ ಮಕ್ಕಳು ಆಡುವುದು ಅಲ್ಲಿಯೇ.

ಆ ಕೊರತೆಯನ್ನು ಅಷ್ಟಿಷ್ಟು ತುಂಬುತ್ತಿರುವವರು ಶುಕ್ರವಾರ ರಾತ್ರಿ ಶಾಲೆಯ ಅಂಗಳದ ಅಂಚಿನಲ್ಲಿ ಚೀಲ ಹಿಡಿದು ನಿಲ್ಲುವ ವೈದ್ಯರು. ಅನೇಕರು ಇದಕ್ಕೆ ಸಂಬಳ ಪಡೆಯುವುದಿಲ್ಲ. ಹೆಚ್ಚಿನ ರಾತ್ರಿ ಏನೂ ನಡೆಯುವುದಿಲ್ಲ. ಒಂದೆರಡು ಉಳುಕಿಗೆ ಪಟ್ಟಿ ಕಟ್ಟಿ ಮನೆಗೆ ಹೋಗುತ್ತಾರೆ. ಎಂದೋ ಒಂದು ರಾತ್ರಿ ಹುಡುಗನೊಬ್ಬ ಬಿದ್ದು, ಎದ್ದು, ತಲೆ ಹಿಡಿದುಕೊಂಡು ನಿಲ್ಲುತ್ತಾನೆ. ವೈದ್ಯ ಅವನ ಹೆಲ್ಮೆಟ್ ತೆಗೆದುಕೊಂಡು ತನ್ನ ಬಳಿ ಇಟ್ಟುಕೊಳ್ಳುತ್ತಾನೆ. ಹೆಲ್ಮೆಟ್ ಇಲ್ಲದೆ ಅವನು ಅಂಗಳಕ್ಕೆ ಇಳಿಯುವಂತಿಲ್ಲ.